ಪದ್ದಮಾವ ನೋಡಿದ ನಾಟಕ

ಪತ್ರಿಕೆಯನ್ನು ನಾಲ್ಕಾಗಿ ಮಡಚಿ, ಒಂದು ಮಡಿಕೆ ಪೂರ್ತಿ ಓದಿದ ಮೇಲಷ್ಟೇ ಮಗ್ಗುಲು ತಿರುಗಿಸುವ ಚಾಳಿ ನನಗಿದೆ. ನಾನು ಓದಿ ಬಿಟ್ಟ ಪತ್ರಿಕೆಗೆ ಇಸ್ತ್ರಿ ಹೊಡೆದರೂ ಅದು ನೆಟ್ಟಗಾಗುವುದಿಲ್ಲ ಎಂದು ಸೊಸೆ ಗೊಣಗುತ್ತಾಳೆ. ಅವಳ ಮಾತು ಸುಳ್ಳಲ್ಲ. ಆದರೆ ಇದು ನನ್ನ ಸ್ವಂತ ಚಾಳಿಯಲ್ಲ, ನನ್ನ ಅಮ್ಮನ ಅಣ್ಣ ಪದ್ದಮಾವನಿಂದ ಬಂದದ್ದು. ಮಾವನ ಬುದ್ಧಿ ಬರಲಿ ಎಂದು ಅಮ್ಮ ಹರಸುತ್ತಿದ್ದಳು. ಬುದ್ಧಿ ಕುಮಟೆಯಲ್ಲೇ ಉಳಿಯಿತು, ಮಡಿಕೆ ಮಾತ್ರ ನನ್ನ ಜೊತೆ ಬಂತು.

ಪದ್ದಮಾವ ಎಂದರೆ ಪದ್ಮನಾಭ ಮಾಸ್ತರರು. ಕುಮಟೆಯಲ್ಲಿ ಕನ್ನಡ, ಸಂಸ್ಕೃತ ಕಲಿಸಿ ನಿವೃತ್ತರಾದವರು. ನಾನು ಸಣ್ಣವಳಿದ್ದಾಗಲೇ ಅಪ್ಪ ತೀರಿಕೊಂಡಿದ್ದರಿಂದ ಅಮ್ಮನೂ ನಾನೂ ಮಾವನ ಮನೆಯಲ್ಲೇ ಇದ್ದೆವು. ನಾನು ಓದಿದ್ದೂ ಅಲ್ಲೇ, ಬೈಸಿಕೊಂಡದ್ದೂ ಅಲ್ಲೇ. ಆ ಊರಿನಿಂದ ಆಗ ಒಂದು ಪುಟ್ಟ ವಾರಪತ್ರಿಕೆ ಹೊರಡುತ್ತಿತ್ತು. ಅದರಲ್ಲಿ ಮಾವ ‘ಹಳೇ ಕನ್ನಡಕ’ ಎಂಬ ಅಂಕಣ ಬರೆಯುತ್ತಿದ್ದ. ಶನಿವಾರ ಬೆಳಿಗ್ಗೆ ಬಸ್ಸಿನ ಮೇಲೆ ಪತ್ರಿಕೆಯ ಕಟ್ಟು ಹಳದೀಪುರ, ಹೊನ್ನಾವರಕ್ಕೆ ಹೋದರೆ ಮಧ್ಯಾಹ್ನದೊಳಗೆ ಚಹಾ ಅಂಗಡಿಗಳಲ್ಲಿ ಜಗಳ ಶುರು. ಮಾಸ್ತರರು ಹೇಳಿದ್ದು ಸರಿ ಎನ್ನುವವರು ಒಂದು ಬೆಂಚು, ಮಾಸ್ತರರಿಗೆ ಮರುಳು ಎನ್ನುವವರು ಇನ್ನೊಂದು ಬೆಂಚು. ಎರಡೂ ಬೆಂಚಿನವರು ಅಂಕಣ ಓದದೆ ಮಾತ್ರ ಇರುತ್ತಿರಲಿಲ್ಲ.

ಮಾವನಿಗೆ ಹೊಸದರಲ್ಲಿ ಯಾವುದೂ ಸುಲಭಕ್ಕೆ ಒಗ್ಗುತ್ತಿರಲಿಲ್ಲ. ನಮ್ಮ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಾಗ, ಕನ್ನಡದವರು ಕನ್ನಡದವರ ಜೊತೆ ಸೇರಿದ್ದು ಸಂತೋಷ, ಆದರೆ ಹಳೆ ಕಚೇರಿಯಲ್ಲಿ ಎರಡು ವಾರಕ್ಕೆ ಬರುತ್ತಿದ್ದ ಉತ್ತರ ಹೊಸ ಕಚೇರಿಯಿಂದ ಯಾವ ಭಾಷೆಯಲ್ಲೂ ಬರುತ್ತಿಲ್ಲ ಎಂದು ಬರೆದ. ಉಪ್ಪುನೀರು ಬರುವ ಗಜನಿ ಗದ್ದೆಗಳ ಕಟ್ಟೆ ಭದ್ರ ಮಾಡಲು ಬಂದ ಎಂಜಿನಿಯರರು ಕಟ್ಟೆಯಲ್ಲಿದ್ದ ನೀರಿನ ಬಾಗಿಲನ್ನು ತೂತೆಂದು ತಿಳಿದು ಮುಚ್ಚಹೊರಟಾಗ, ಹಿರಿಯರು ಬಿಟ್ಟ ತೂತನ್ನು ಮುಚ್ಚುವ ಮೊದಲು ಒಂದು ಭರತ, ಒಂದು ಇಳಿತ ಅಲ್ಲಿ ಕೂತು ನೋಡಬೇಕು ಎಂದು ಬರೆದ. ಮದುವೆ ಮನೆಯ ಮರಕ್ಕೆ ಕಟ್ಟಿದ ಧ್ವನಿವರ್ಧಕ, ಬಯಲಾಟಕ್ಕೆ ಬಂದ ಮೈಕು, ರೇಡಿಯೋದ ಸಿನಿಮಾ ಹಾಡು, ಯಾವುದನ್ನೂ ಅವನು ಬಿಡಲಿಲ್ಲ. ಬೆಳಿಗ್ಗೆ ದಾಡಿ ಮಾಡಿಕೊಳ್ಳುವಾಗ ಅವನೇ ಒಂದು ಸಿನಿಮಾ ಹಾಡಿನ ಧಾಟಿ ಗುನುಗುತ್ತಿದ್ದುದನ್ನು ನಾನು ಒಮ್ಮೆ ಹಿಡಿದಿದ್ದೆ. “ಅದು ರಾಗ ಮಾರಾಯ್ತಿ. ರಾಗ ಅವರಪ್ಪನದ್ದಾ?” ಎಂದು ಕೆನ್ನೆಯ ಸಾಬೂನಿನ ನಡುವೆಯೇ ದಬಾಯಿಸಿದ.

ನನಗೆ ಅವನೆಂದರೆ ಒಂದು ಬಗೆಯ ಬೆರಗು. ಇಷ್ಟೊಂದು ವಿಷಯಗಳ ಮೇಲೆ ಇಷ್ಟು ಗಟ್ಟಿಯಾದ ಅಭಿಪ್ರಾಯ ಒಬ್ಬನೇ ಮನುಷ್ಯನಲ್ಲಿ ಹೇಗೆ ಹಿಡಿಯುತ್ತದೆ ಎಂದು. ನನಗೋ ಊಟಕ್ಕೆ ಸಾರು ಬೇಕೋ ತಂಬುಳಿ ಬೇಕೋ ಎಂಬುದರಲ್ಲೂ ಅಭಿಪ್ರಾಯ ಇರುತ್ತಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನನಗೆ ಹೊನ್ನಾವರದ ಪ್ರಾಥಮಿಕ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಅಮ್ಮನನ್ನು ಕರೆದುಕೊಂಡು ಅಲ್ಲಿ ಬಾಡಿಗೆ ಮನೆ ಮಾಡಿದೆ. ಮಕ್ಕಳು ನನ್ನನ್ನು ಅಕ್ಕೋರು ಎಂದು ಕರೆದಾಗ ಮೊದಮೊದಲು ಹಿಂದೆ ತಿರುಗಿ ಯಾರು ಬಂದರು ಎಂದು ನೋಡುತ್ತಿದ್ದೆ. ಅದೇ ಊರಿನಲ್ಲಿ ವಸಂತ ನಾಯಕ ಎಂಬ ಹೈಸ್ಕೂಲು ಮಾಸ್ತರರಿದ್ದರು. ಉತ್ಸಾಹಿ. ಒಂದು ಸಾಮಾಜಿಕ ನಾಟಕ ಬರೆದಿದ್ದರು. ಸರಕು ಸಾಗಿಸುವ ಮಚವೆಯಲ್ಲಿ ಗಂಡ ಸಮುದ್ರಕ್ಕೆ ಹೋಗಿದ್ದಾನೆ, ಇತ್ತ ಹೆಂಡತಿ ಬಡತನದಲ್ಲಿ ಮನೆ ನಡೆಸುತ್ತಿದ್ದಾಳೆ, ಒಂದು ದಿನ ಮಚವೆ ಮುಳುಗಿದ ಸುದ್ದಿ ಬರುತ್ತದೆ. ಹೆಂಡತಿಯ ಪಾತ್ರಕ್ಕೆ ಹೆಂಗಸೇ ಬೇಕು ಎಂದು ಅವರ ಹಟ. ಶಾಲೆಯ ಗೋಡೆಯ ಆಚೆಗೂ ಕೇಳುವ ನನ್ನ ಧ್ವನಿಯನ್ನು ಅವರು ದಾರಿಯಲ್ಲಿ ಹೋಗುತ್ತಾ ಕೇಳಿದ್ದರಂತೆ. ಅಮ್ಮನ ಎದುರಿಗೇ ಬಂದು ಕೇಳಿದರು. ಅಮ್ಮ, “ಅಣ್ಣ ಎಂತ ಹೇಳ್ತಾನೋ” ಎಂದಳು. ನಾನು ಒಪ್ಪಿಕೊಂಡುಬಿಟ್ಟೆ. ನನ್ನ ಬದುಕಿನಲ್ಲಿ ಅಷ್ಟು ಬೇಗ ಅಭಿಪ್ರಾಯ ಹುಟ್ಟಿದ್ದು ಅದೇ ಮೊದಲು.

ಮಾವನಿಗೆ ಬೇರೆಯವರಿಂದ ತಿಳಿಯಬಾರದೆಂದು ಮುಂದಿನ ಭಾನುವಾರ ಕುಮಟೆಗೆ ಹೋಗಿ ನಾನೇ ಹೇಳಿದೆ. ಅವನು ಜಗುಲಿಯಲ್ಲಿ ಕೂತು ಕೇಳಿದ. ಸಿಟ್ಟು ಮಾಡಲಿಲ್ಲ.

“ಮಾಡೂದು ಹೌದಾ?”

“ಹೌದು ಮಾವ.”

“ಆತು. ನಾನು ಇದರ ವಿರುದ್ಧ ಬರೀತೆ. ನಿನ್ನ ಹೆಸ್ರು ಹಾಕೂದಿಲ್ಲ.”

ಬರೆದ. ಹೆಣ್ಣಿನ ಪಾತ್ರವನ್ನು ಗಂಡಸು ಮಾಡುವ ಪದ್ಧತಿ ನಗೆಯ ವಿಷಯವಲ್ಲ, ಅದೊಂದು ತಪಸ್ಸು, ಹೆಂಗಸರನ್ನೇ ರಂಗಕ್ಕೆ ತಂದರೆ ಆ ವಿದ್ಯೆ ಸಾಯುತ್ತದೆ. ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳನ್ನು ಕುತೂಹಲದ ಕಣ್ಣಿಗೆ ಒಡ್ಡುವುದು ಕಲೆಯ ಸೇವೆಯೂ ಅಲ್ಲ, ಊರಿನ ಸೇವೆಯೂ ಅಲ್ಲ ಎಂದು ಒಂದೂವರೆ ಕಾಲಮ್ಮು. ನನ್ನ ಹೆಸರಿರಲಿಲ್ಲ. ಆದರೆ ಹೊನ್ನಾವರದಂಥ ಊರಿನಲ್ಲಿ ಹೆಸರು ಹಾಕುವ ಅಗತ್ಯವಾದರೂ ಏನಿತ್ತು? ಸೋಮವಾರ ಶಾಲೆಯಲ್ಲಿ ಹೆಡ್‌ಮಾಸ್ತರರು ನನ್ನನ್ನು ಕರೆದರು. ಒಳ್ಳೆಯ ಮನುಷ್ಯ, ಹೆದರುವ ಮನುಷ್ಯ.

“ಅಕ್ಕೋರೇ, ನಿಮ್ಮ ಮಾವನವರೇ ಹೀಗೆ ಬರ್ದಾರೆ. ನಾಟಕದ ದಿನ ಗಲಾಟೆ ಗಿಲಾಟೆ ಆಗಿ ಶಾಲೆ ಹೆಸ್ರು ಬಂದ್ರೆ ನನ್ನ ಕೈಲಿ ಎಂತದೂ ಇಲ್ಲ. ಮೇಲಿನವರು ಕೇಳಿದ್ರೆ ನಿಮ್ಮನ್ನ ಇಟ್ಕೊಳ್ಳೂಕೆ ಕಷ್ಟ.”

ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನಾನೂ ಅಮ್ಮನೂ ಉಣ್ಣುತ್ತಿದ್ದುದು ಅದರಿಂದಲೇ. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಅಳಲಿಲ್ಲ, ಬೇಡ ಎನ್ನಲಿಲ್ಲ. “ಅಣ್ಣ ಬರೆಯೂವಾಗ ಇದೆಲ್ಲ ಯೋಚ್ನೆ ಮಾಡ್ಲಿಲ್ವಾ?” ಎಂದು ಮಾತ್ರ ಕೇಳಿದಳು.

ನಾಟಕ ಭಾನುವಾರ ಮಧ್ಯಾಹ್ನ. ಶರಾವತಿಗೆ ಆಗ ಸೇತುವೆ ಇರಲಿಲ್ಲ. ಕಾಸರಕೋಡು ಕಡೆಯಿಂದ ಬಂದವರು ಕತ್ತಲಾಗುವ ಮೊದಲು ಲಾಂಚು ಹಿಡಿದು ಹೊಳೆ ದಾಟಬೇಕು, ಅದಕ್ಕೇ ಮಧ್ಯಾಹ್ನ. ನಾನು ಸಭಾಗೃಹದ ಬಾಗಿಲ ಪಕ್ಕದ ಕೋಣೆಯಲ್ಲಿ ಮುಖಕ್ಕೆ ಬಣ್ಣ ಹಚ್ಚಿಸಿಕೊಂಡು ಕೂತಿದ್ದೆ. ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಬಾಗಿಲಿಗೆ ಅಡ್ಡವಾಗಿ ಒಂದು ಗುಂಪು ನಿಂತಿತ್ತು. ಮುಂದೆ ನಿಂತವನು ಹಳದೀಪುರದ ಅನಂತಣ್ಣ. ಮಾವನ ಪರಮ ಭಕ್ತ, ‘ಹಳೇ ಕನ್ನಡಕ’ದ ಸಾಲುಗಳನ್ನು ಬಾಯಿಪಾಠ ಒಪ್ಪಿಸುವವನು. ಟಿಕೇಟು ಹಿಡಿದು ಬಂದ ಜನ ದೂರದಲ್ಲೇ ನಿಂತು ನೋಡುತ್ತಿದ್ದರು. ವಸಂತ ಮಾಸ್ತರರು ಬೇಡಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಕುಮಟೆ ಬಸ್ಸಿನಿಂದ ಇಳಿದು ಪದ್ದಮಾವ ಬಂದ. ಕೋಟು, ಕಚ್ಚೆಪಂಚೆ, ಹೆಗಲ ಮೇಲೆ ಶಾಲು, ಕಂಕುಳಲ್ಲಿ ಕೊಡೆ. ಗುಂಪಿನ ಮುಖ ಅರಳಿತು. ನಾನು ಎದ್ದು ಕಿಟಕಿಯ ಸರಳು ಹಿಡಿದುಕೊಂಡೆ.

“ನೀವು ಎಂತಕ್ಕೆ ಬರೂಕೆ ಹೋದ್ರಿ ಮಾಸ್ತರ್ರೇ? ನಾವೆಲ್ಲ ಇದ್ದೇವಲ್ಲ. ಪರದೆ ಏಳೂಕೆ ಬಿಡೂದಿಲ್ಲ” ಎಂದ ಅನಂತಣ್ಣ.

“ಯಾಕೆ ಬಿಡೂದಿಲ್ಲ?”

“ನೀವೇ ಬರ್ದಿರಲ್ಲ, ಇದು ಕಲೆಗೂ ಊರಿಗೂ ಕೇಡು ಅಂತ.”

“ಬರ್ದೆ. ಈಗ್ಲೂ ಅದನ್ನೇ ಹೇಳ್ತೆ. ನಾಟಕ ನಿಲ್ಸಿ ಅಂತ ಎಲ್ಲಿ ಬರ್ದೆ?”

“ಅದನ್ನೂ ಬಿಡ್ಸಿ ಬರೀಬೇಕಾ? ನಮಗೆ ಅರ್ಥ ಆಗೂದಿಲ್ವಾ?”

“ಜೀವಮಾನವೆಲ್ಲ ಮಕ್ಕಳಿಗೆ ಅರ್ಥ ಹೇಳಿದವ ನಾನು. ನನ್ನ ಮಾತಿನ ಅರ್ಥ ನಾನೇ ಹೇಳ್ತೆ, ಕೇಳು. ನೋಡದೇ ಬರ್ದದ್ದು ಒಂದು ವಾರಕ್ಕೆ ಸಾಕು. ಈ ವಾರ ನೋಡಿ ಬರೀಬೇಕು. ನೀವು ನಾಟಕವನ್ನೇ ನಿಲ್ಸಿದ್ರೆ ನಾನು ಬರೆಯೂದು ಯಾವುದನ್ನ?”

ಅನಂತಣ್ಣ ತನ್ನವರ ಕಡೆ ತಿರುಗಿ ನೋಡಿದ. ಹಿಂದಿನಿಂದ ಯಾರೋ, “ಹಂಗಾದ್ರೆ ಸಂಪ್ರದಾಯ ಉಳಿಸೂದು ಯಾರು?” ಎಂದರು.

ಮಾವ ಆ ಕಡೆ ತಿರುಗಿದ. ದನಿ ಏರಿಸಲಿಲ್ಲ. “ಆಟ ಶುರುವಾಗೂ ಹೊತ್ತಿಗೆ ವೇಷ ಕಟ್ಟಿ ಕೂತವರ ಚೌಕಿಗೆ ನುಗ್ಗೂದು ನಮ್ಮ ಅಜ್ಜನ ಕಾಲದಲ್ಲಿ ಇರ್ಲಿಲ್ಲ. ಸೇರದವರು ಎದ್ದು ಮನೆಗೆ ಹೋಗ್ತಿದ್ರು. ಅದೂ ಸಂಪ್ರದಾಯವೇ. ಮೊದ್ಲು ಅದನ್ನ ಉಳ್ಸು.”

ಆಮೇಲೆ ಕೊಡೆಯನ್ನು ಅನಂತಣ್ಣನ ಕೈಗೆ ಕೊಟ್ಟು, “ಹಿಡ್ಕೋ, ಒಳಗೆ ಜಾಗ ಸಾಲೂದಿಲ್ಲ” ಎಂದು, ಟಿಕೇಟು ತೆಗೆದುಕೊಂಡು ಒಳಗೆ ನಡೆದ. ಬಾಗಿಲು ತೆರವಾಯಿತು. ದೂರ ನಿಂತಿದ್ದ ಜನ ಒಬ್ಬೊಬ್ಬರಾಗಿ ಒಳಗೆ ಬಂದರು. ಕೊಡೆ ಹಿಡಿದು ಸ್ವಲ್ಪ ಹೊತ್ತು ನಿಂತ ಅನಂತಣ್ಣನೂ ಕೊನೆಗೆ ಬಂದು ಹಿಂದಿನ ಗೋಡೆಗೆ ಒರಗಿದನಂತೆ. ನಾನು ಕಿಟಕಿಯ ಸರಳು ಹಿಡಿದುಕೊಂಡೇ ಇದ್ದೆ. ನನ್ನನ್ನು ವಿರೋಧಿಸಿ ಬರೆದವನು, ನನ್ನನ್ನು ಕಾಪಾಡಲು ಬಂದೆ ಎಂದು ಒಂದು ಮಾತೂ ಆಡದೆ, ತನ್ನ ವಿರೋಧದಿಂದ ಒಂದು ಅಕ್ಷರವನ್ನೂ ಬಿಟ್ಟುಕೊಡದೆ ನನ್ನ ನಾಟಕವನ್ನು ಉಳಿಸಿದ್ದ.

ನಾಟಕವನ್ನು ನಾನು ಚೆನ್ನಾಗಿ ಮಾಡಿದೆ ಎಂದೇ ಅಂದುಕೊಂಡಿದ್ದೆ. ಮಚವೆ ಮುಳುಗಿದ ಸುದ್ದಿ ಬಂದಾಗ ನಾನು ಮೊರದಲ್ಲಿ ಅಕ್ಕಿ ಆರಿಸುತ್ತಿರಬೇಕು. ಸುದ್ದಿ ಕೇಳಿದ್ದೇ ಚೀರಿ, ಮೊರವನ್ನು ಮೇಲಕ್ಕೆಸೆದು ಕುಸಿದುಬಿದ್ದೆ. ಅಕ್ಕಿ ಮುಂದಿನ ಸಾಲಿನವರೆಗೂ ಹಾರಿತು. ಜೋರು ಚಪ್ಪಾಳೆ. ವಸಂತ ಮಾಸ್ತರರ ಕಣ್ಣಲ್ಲಿ ನೀರು. ಮಾವ ಶಾಲು ಕೊಡವಿಕೊಂಡು, ಮಾತನಾಡಿಸದೆ ಬಸ್ಸಿಗೆ ಹೋಗಿಬಿಟ್ಟ. ಗಲಾಟೆ ಆಗದ್ದರಿಂದ ಹೆಡ್‌ಮಾಸ್ತರರು ಆಮೇಲೆ ಕೆಲಸದ ಮಾತು ಎತ್ತಲಿಲ್ಲ.

ಆ ಶನಿವಾರದ ಅಂಕಣ ಹೀಗಿತ್ತು: ನಾಟಕ ಕಟ್ಟಿದವರ ಶ್ರಮ ದೊಡ್ಡದು. ಹಾರ್ಮೋನಿಯಂ ಶ್ರುತಿಯಲ್ಲಿರಲಿಲ್ಲ. ನಾಯಕಿಯ ಪಾತ್ರ ಮಾಡಿದವರ ಧ್ವನಿ ಹೊಳೆಯಾಚೆಗೆ ಕೇಳುವಂಥದ್ದು, ಅಭಿನಯ ಮಾತ್ರ ರಂಗದ ಈಚೆಗೂ ಬರಲಿಲ್ಲ. ಸುದ್ದಿ ಬರುವ ಮೊದಲೇ ಅವರಿಗೆ ದುಃಖ ಬಂದಿತ್ತು. ಅವರು ಎಸೆದ ಅಕ್ಕಿ ನನ್ನ ತಲೆಯ ಮೇಲೆ ಬಿತ್ತು. ಅಕ್ಷತೆ ಸಿಕ್ಕಿದ ಮೇಲೆ ಹರಸಬೇಕು, ಆದರೆ ಅದು ಸುಳ್ಳು ಅಕ್ಕಿಯಾದ್ದರಿಂದ ಹರಸಲಾರೆ.

ನನಗೆ ಮೈ ಉರಿಯಿತು. ಮೊದಲ ಅಂಕಣಕ್ಕೆ ಬರದಿದ್ದ ಸಿಟ್ಟು ಇದಕ್ಕೆ ಬಂತು. ಮರುದಿನವೇ ಕುಮಟೆಗೆ ಹೋಗಿ ಜಗುಲಿ ಹತ್ತಿದವಳು ಚಪ್ಪಲಿ ಬಿಡಲೂ ಮರೆತೆ.

“ಸುಳ್ಳು ಅಕ್ಕಿ ಅಂದ್ರೆ ಎಂತದು ಮಾವ? ಇಡೀ ಊರು ಚಪ್ಪಾಳೆ ಹೊಡೀತು.”

“ಊರು ನಿನ್ನ ಚೀರಾಟಕ್ಕೆ ಹೊಡೀತು.”

“ಹಾಗಾದ್ರೆ ಹೇಗೆ ಮಾಡ್ಬೇಕಿತ್ತು, ನೀನೇ ಹೇಳು.”

“ನಂಗೆ ಸುಳ್ಳು ಅಂತ ಗೊತ್ತಾಗ್ತದೆ, ಸತ್ಯ ಮಾಡಿ ತೋರ್ಸೂಕೆ ಬರೂದಿಲ್ಲ. ಬರೂವವರ ಹತ್ರ ಹೋಗುವ. ಬೆಳಿಗ್ಗೆ ಭಟ್ಕಳಕ್ಕೆ ಹೊರಡು. ಶಾಲೆಗೆ ರಜೆ ಹಾಕು.”

ಹೀಗೆ ನಾವಿಬ್ಬರೂ ಲಾಂಚಿನಲ್ಲಿ ಹೊಳೆ ದಾಟಿ, ಆಚೆ ಬಸ್ಸು ಹತ್ತಿ, ಭಟ್ಕಳಕ್ಕೆ ಹೋದೆವು. ಅಲ್ಲಿಯ ಮುಸ್ಲಿಮರ ನವಾಯತಿ ಮಾತು ಕಿವಿಗೆ ಬೀಳುವ ಒಂದು ಓಣಿ ದಾಟಿ ಮುಂದೆ ಹೋದರೆ ಬಾಬೂರಾಯರ ಮನೆ. ಹಿಂದೆ ನಾಟಕ ಕಂಪನಿಗಳಲ್ಲಿ ಹೆಣ್ಣಿನ ಪಾತ್ರ ಮಾಡಿ ಹುಬ್ಬಳ್ಳಿ, ಬೆಳಗಾವಿಗಳಲ್ಲಿ ಹೆಸರು ಮಾಡಿದವರು. ಈಗ ಬೋಳುತಲೆ, ಗುಡಾಣದಂಥ ಹೊಟ್ಟೆ, ಕಿವಿಯಲ್ಲಿ ಕೆಂಪು ಹರಳಿನ ಒಂಟಿ. ಜಂಬಕ್ಕೆ ಮಾತ್ರ ವಯಸ್ಸಾಗಿರಲಿಲ್ಲ.

“ನಿಮ್ಮ ಪೇಪರು ನಾನು ಓದೂದಿಲ್ಲ ಮಾಸ್ತರ್ರೇ,” ಎಂದರು ಮೊದಲಿಗೇ. “ನನ್ನನ್ನ ಹೊಗಳಿ ಬರ್ದದ್ದನ್ನ ಹಿಂದೆ ಬೇಕಾದಷ್ಟು ಓದಿದ್ದೇನೆ. ಇನ್ನೊಬ್ಬರನ್ನ ಬೈದದ್ದು ಓದಿ ನಂಗೆ ಎಂತ ಆಗ್ಬೇಕು?”

ಮಾವ ನಕ್ಕು, ನಾನು ಯಾರು, ಯಾಕೆ ಬಂದೆವು ಎಂದು ಹೇಳಿದ. ಬಾಬೂರಾಯರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಸೊಸೆಯಿಂದ ಅಕ್ಕಿ ಹಾಕಿದ ಮೊರ ತರಿಸಿದರು. ನಾನು ಮಾಡಿ ತೋರಿಸಿದೆ. ಚೀರಿದೆ. ಎಸೆಯುವುದನ್ನು ಮಾತ್ರ, ಪರರ ಮನೆಯ ಅಕ್ಕಿಯೆಂದು, ಎಸೆದಂತೆ ನಟಿಸಿದೆ.

“ಯಾಕೆ ಎಸೀಲಿಲ್ಲ?”

“ನಿಮ್ಮ ಮನೆ ಅಕ್ಕಿ ಅಲ್ವಾ...”

“ನನ್ನ ಮನೆ ಅಕ್ಕಿ ಮೇಲೆ ಇರೂ ಮರ್ಯಾದಿ ಆ ಹೆಂಗಸಿನ ಅಕ್ಕಿ ಮೇಲೆ ಇಲ್ವಾ ತಂಗಿ? ಗಂಡ ಹೋಗಿ ತಿಂಗಳುಗಟ್ಟಲೆ ಆಯ್ತು. ಡಬ್ಬಿ ತಳ ಕಾಣ್ತಾ ಉಂಟು. ಆ ಅಕ್ಕಿ ಇವತ್ತಿನ ಗಂಜಿಗೆ. ಅದನ್ನ ಎಸೀತಾಳಾ ಅವಳು?”

ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಬಾಬೂರಾಯರು ಹೆಗಲ ಮೇಲಿನ ಟವೆಲನ್ನು ತಲೆಗೆ ಎಳೆದುಕೊಂಡು ನೆಲದ ಮೇಲೆ ಕಾಲು ಮಡಚಿ ಕೂತರು. ಮೊರ ತೊಡೆಗೆ ಆನಿಸಿಕೊಂಡರು. ಮಾವನಿಗೆ, “ಸುದ್ದಿ ಹೇಳಿ” ಎಂದರು. ಮಾವ ಪಾಠ ಓದಿದ ಹಾಗೆ, “ಮಚವೆ ಮುಳುಗ್ತಂತೆ. ಯಾರೂ ಉಳೀಲಿಲ್ಲಂತೆ” ಎಂದ.

ಬಾಬೂರಾಯರ ಬೆರಳು ನಿಲ್ಲಲಿಲ್ಲ. ಅಕ್ಕಿಯಲ್ಲಿದ್ದ ಒಂದು ಭತ್ತ ತೆಗೆದು ಪಕ್ಕಕ್ಕೆ ಹಾಕಿತು. ಇನ್ನೊಂದನ್ನು ಹುಡುಕಿತು. ಸಿಗಲಿಲ್ಲ. ಮತ್ತೂ ಹುಡುಕಿತು. ಆ ಬೆರಳಿಗೆ ಮಾತು ಕೇಳಿರಲಿಲ್ಲ, ಕಿವಿಗೆ ಮಾತ್ರ ಕೇಳಿತ್ತು. ಆಮೇಲೆ ಬೆರಳು ನಿಂತಿತು. ಮೊರವನ್ನು ಎರಡೂ ಕೈಯಲ್ಲಿ ಎತ್ತಿ, ಒಂದು ಕಾಳೂ ಚೆಲ್ಲದ ಹಾಗೆ ನೆಲಕ್ಕಿಟ್ಟು, ಯಾರ ಕಾಲಿಗೂ ತಾಗದಿರಲೆಂದು ಗೋಡೆಯ ಕಡೆಗೆ ಸರಿಸಿದರು. ಕೈ ಖಾಲಿಯಾಯಿತು. ಖಾಲಿ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಅವು ಯಾರವೋ ಎಂಬಂತೆ ನೋಡಿದರು. ಅಷ್ಟೇ. ಚೀರಲಿಲ್ಲ. ನನ್ನ ಎದುರು ಬೋಳುತಲೆಯ ಗಂಡಸಿರಲಿಲ್ಲ. ಸಮುದ್ರಕ್ಕೆ ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸಿದ್ದಳು. ದಿನಾ ಅವರನ್ನು ನೋಡುವ ಸೊಸೆ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಮೊಣಕಾಲು ಲಟಕ್ಕೆನ್ನಿಸುತ್ತ ಎದ್ದು, “ಹೀಗೆ ಮಾಡೂದು. ಬೆಳಗಾವಿಯಲ್ಲಿ ಇಂಥದ್ದು ಮಾಡಿದಾಗ ಪರದೆ ಬಿದ್ರೂ ಜನ ಎದ್ದು ಹೋಗ್ಲೇ ಇಲ್ಲ. ಚಹಾ ಕುಡೀರಿ” ಎಂದರು ಬಾಬೂರಾಯರು.

ವಾಪಸು ಬರುವಾಗ ಲಾಂಚಿನಲ್ಲಿ ಮಾವ ಹೇಳಿದ: “ಗಂಡಸು ಹೆಂಗಸಾಗ್ಬೇಕಾದ್ರೆ ಜೀವಮಾನವೆಲ್ಲ ಹೆಂಗಸ್ರನ್ನ ನೋಡ್ಬೇಕು ಸುಮಿ. ಹೆಂಗಸೇ ಬಂದ್ರೆ, ನಾನೇ ಹೆಂಗಸಲ್ವಾ ಅಂತ ನೋಡೂದನ್ನೇ ಬಿಡ್ತಾಳೆ. ನಂಗೆ ಹೆದರಿಕೆ ಅದು.”

“ಹಾಗಾದ್ರೆ ಅಷ್ಟನ್ನೇ ಬರೀಬಹುದಿತ್ತಲ್ಲ ಮಾವ? ಮರ್ಯಾದಸ್ಥರು, ಕುತೂಹಲದ ಕಣ್ಣು, ಅದೆಲ್ಲ ಯಾಕೆ?”

“ಅದೂ ನನ್ನ ಅಭಿಪ್ರಾಯವೇ. ಬಿಡೂದಿಲ್ಲ.”

ಆಮೇಲೆ ರಜೆಯ ದಿನಗಳಲ್ಲಿ ನಾನು ಅಮ್ಮನನ್ನು ಕರೆದುಕೊಂಡು ಭಟ್ಕಳಕ್ಕೆ ಹೋಗುತ್ತಿದ್ದೆ. ಬಾಬೂರಾಯರು ಹೊಗಳಿದ್ದು ಒಮ್ಮೆಯೂ ಇಲ್ಲ. ನೋಡು, ಬರೀ ನೋಡು ಎನ್ನುತ್ತಿದ್ದರು. ಮೀನು ಪೇಟೆಯಲ್ಲಿ ಹೆಂಗಸು ಬುಟ್ಟಿ ಇಳಿಸುವುದು, ನನ್ನ ಅಮ್ಮ ಒಲೆಯ ಮುಂದಿನಿಂದ ಏಳುವುದು, ಬಸ್ಸಿನಲ್ಲಿ ತಾಯಿ ಮಗುವನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಹಾಕಿಕೊಳ್ಳುವುದು. ಇಷ್ಟು ವರ್ಷ ಕಣ್ಣಿದ್ದೂ ಏನು ಮಾಡುತ್ತಿದ್ದೆನೋ. ಎದುರಿಗೆ ಕಂಡ ಪ್ರತಿ ಹೆಂಗಸೂ ನನಗೆ ದೊಡ್ಡ ವಿದುಷಿಯಂತೆ ಕಾಣತೊಡಗಿದಳು.

ಮಳೆಗಾಲ ಮುಗಿದ ಮೇಲೆ ನಾಟಕವನ್ನು ಕುಮಟೆಯಲ್ಲಿ ಆಡಿದೆವು. ಪದ್ದಮಾವ ಬಂದ. ಅವನ ಹಿಂದೆ ಗೌರತ್ತೆಯೂ ಬಂದಳು. ಮಾವನ ಹೆಂಡತಿ ಗೌರತ್ತೆ ಅಲ್ಲಿಯವರೆಗೆ ನಾಟಕವನ್ನೇ ನೋಡಿದವಳಲ್ಲ. ದೇವಸ್ಥಾನಕ್ಕೆ ಹೋಗುವಾಗಲೂ ಮಾವ ಮುಂದೆ, ಅವಳು ಅಷ್ಟು ದೂರ ಹಿಂದೆ. ಹೊಸ ಸೀರೆ ಉಟ್ಟು, ಮೊದಲ ಸಾಲಿನಲ್ಲಿ ಗಂಡನ ಪಕ್ಕ ಮುದುಡಿ ಕೂತವಳನ್ನು ಪರದೆಯ ಸಂದಿಯಿಂದ ನೋಡಿದೆ. ಆಮೇಲೆ ಏನನ್ನೂ ನೋಡಲಿಲ್ಲ. ಸುದ್ದಿ ಬಂತು, ನನ್ನ ಬೆರಳು ಭತ್ತ ಹುಡುಕಿತು, ಮೊರವನ್ನು ಕೆಳಗಿಟ್ಟೆ. ಚಪ್ಪಾಳೆ ಬರಲಿಲ್ಲ. ಯಾರೂ ಕೆಮ್ಮಲೂ ಇಲ್ಲ. ಕೆಟ್ಟಿತೇನೋ ಎಂದುಕೊಂಡೆ. ನಾಟಕ ಮುಗಿದಾಗ ಮಾವ ಹೊರಟುಹೋಗಿದ್ದ.

ಮುಂದಿನ ಶನಿವಾರ ಸಂಜೆ ನಾನು ಕುಮಟೆಯ ಮನೆಗೆ ಹೋದಾಗ ಮಾವ ಇರಲಿಲ್ಲ. ಪತ್ರಿಕೆ ಜಗುಲಿಯ ಮೇಲಿತ್ತು. ಅಡುಗೆಮನೆಯಲ್ಲಿ ಬಸಳೆ ಸೊಪ್ಪು ಬಿಡಿಸುತ್ತಿದ್ದ ಗೌರತ್ತೆಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿದೆ. ಹಾರ್ಮೋನಿಯಂ ಈ ಸಲವೂ ಶ್ರುತಿಯಲ್ಲಿರಲಿಲ್ಲವಂತೆ. ಕೊನೆಯ ಅಂಕ ಉದ್ದವಾಯಿತಂತೆ. ಸ್ತ್ರೀಯರು ರಂಗಕ್ಕೆ ಬರುವ ಬಗ್ಗೆ ಲೇಖಕರ ಅಭಿಪ್ರಾಯ ಹಿಂದಿನದೇ, ಬದಲಾಯಿಸಲು ಕಾರಣ ಕಾಣುವುದಿಲ್ಲವಂತೆ. ನನ್ನ ಪಾತ್ರದ ಬಗ್ಗೆ ಒಂದು ಸಾಲೂ ಇರಲಿಲ್ಲ.

“ನೋಡಿದ್ಯಾ ಅತ್ತೆ? ಒಂದು ಮಾತು ಬರೆಯೂಕೆ ಆಗ್ಲಿಲ್ಲ ಮಾವನಿಗೆ.”

ಗೌರತ್ತೆ ಸೊಪ್ಪಿನಿಂದ ತಲೆ ಎತ್ತಲಿಲ್ಲ.

“ನೀ ಮೊರ ಕೆಳಗಿಟ್ಯಲ್ಲ ತಂಗಿ, ಆಗ ಇವ್ರು ಎದ್ದು ನಿಂತುಬಿಟ್ರು. ಹಿಂದಿದ್ದವರು, ಮಾಸ್ತರ್ರೇ ಕೂತ್ಕಳಿ, ಕಾಣೂದಿಲ್ಲ ಅಂತ ಪಿಸುಗುಟ್ಟಿದ್ರು. ಇವ್ರಿಗೆ ಕೇಳ್ಲೇ ಇಲ್ಲ. ನಾನು ಪಂಚೆ ಹಿಡ್ದು ಎಳ್ದೆ, ಆಗ ಕೂತ್ರು. ಕೂತವರು ನನ್ನ ಕೈ ಹಿಡ್ಕೊಂಡ್ರು. ಪರದೆ ಬೀಳೂವರೆಗೂ ಬಿಡ್ಲಿಲ್ಲ, ಅಷ್ಟು ಜನರ ಎದುರಿಗೆ.”